ಮಗ್ಗುಲು ಬದಲಿಸುವ ಹೊತ್ತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ವೈದ್ಯಕೀಯ ಕ್ಷೇತ್ರದಲ್ಲಿ ಆಧುನಿಕ ತಂತ್ರಜ್ಞಾನ’. ಅರ್ಧ ಗಂಟೆಯಲ್ಲಿ ಅಷ್ಟು ದೊಡ್ಡ ವಿಷಯಕ್ಕೆ ನ್ಯಾಯ ಒದಗಿಸುವುದು ನನ್ನಿಂದ ಆಗದ ಮಾತು. ನಾನು ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ. ಇಪ್ಪತ್ತೆರಡು ವರ್ಷಗಳಿಂದ ಐಸಿಯುನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿರುವವಳು. ಅದಕ್ಕೇ ಕೈಯಾರೆ ಮಾಡಿ ಗೊತ್ತಿರುವ ಒಂದೇ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಅದು ಹಾಸಿಗೆ ಹುಣ್ಣು. ಬೆಡ್ ಸೋರ್ ಅಂತಲೂ ಅನ್ನುತ್ತೀರಿ.

ಹಬ್ಬದಂಥ ದಿನ ಇದೆಂಥ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಗೆಳೆಯನೊಬ್ಬ ಒಂದು ವಿಡಿಯೊ ಹಾಕಿದ್ದ. ಮಲಗಿದಲ್ಲೇ ಇರುವ ರೋಗಿಯ ಎದೆಗೆ ಒಂದು ಸಣ್ಣ ಬಿಲ್ಲೆ ಅಂಟಿಸುತ್ತಾರೆ, ಅದು ಬೆನ್ನಿಗೆ ಹುಣ್ಣಾಗದ ಹಾಗೆ ತಡೆಯುತ್ತದೆ ಎಂದು ಅದರಲ್ಲಿತ್ತು. ಕೆಳಗೆ ಅವನ ಪ್ರಶ್ನೆ: “ಅಮ್ಮನಿಗೆ ಇದನ್ನು ತರಿಸಬಹುದಾ? ಎಷ್ಟಾದರೂ ಆಗಲಿ.” ಅವನ ತಾಯಿಗೆ ಲಕ್ವ ಹೊಡೆದು ಆಗ ಎಂಟು ತಿಂಗಳು. ಎರಡು ಸಾಲಿನಲ್ಲಿ ಉತ್ತರ ಬರೆಯಲು ಹೊರಟೆ, ಆಗಲಿಲ್ಲ. ಇಲ್ಲಿ ಕುಳಿತಿರುವವರಲ್ಲಿ ಎಷ್ಟೋ ಜನರ ಮನೆಯ ಒಳಕೋಣೆಯಲ್ಲಿ ಹೀಗೆ ಮಲಗಿದವರು ಒಬ್ಬರಿದ್ದಾರೆ, ಇದ್ದರು, ಅಥವಾ ಮುಂದೆ ಇರುತ್ತಾರೆ. ಹಾಗಾಗಿ ಆ ಉತ್ತರವನ್ನು ಇಲ್ಲೇ ಹೇಳುತ್ತೇನೆ.

ಮೊದಲು ಹುಣ್ಣು ಯಾಕಾಗುತ್ತದೆ ನೋಡೋಣ. ಇದನ್ನು ಈ ಶಾಲೆಯಲ್ಲೇ ಕಲಿತಿದ್ದೇವೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಇಟ್ಟಿಗೆಯನ್ನು ಮರಳಿನ ಮೇಲೆ ಅಗಲವಾಗಿ ಇಟ್ಟರೆ ಸ್ವಲ್ಪ ತಗ್ಗು, ಅದನ್ನೇ ನಿಲ್ಲಿಸಿ ಇಟ್ಟರೆ ಹೆಚ್ಚು ತಗ್ಗು. ಮನುಷ್ಯನ ಮೈ ಹಾಸಿಗೆಗೆ ಎಲ್ಲ ಕಡೆ ಸಮನಾಗಿ ತಾಗುವುದಿಲ್ಲ. ಅಂಗಾತ ಮಲಗಿದಾಗ ತಲೆಯ ಹಿಂಭಾಗ, ಭುಜದ ಮೂಳೆ, ಮೊಣಕೈ, ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ ಇಷ್ಟೇ ಜಾಗಗಳು ಇಡೀ ಭಾರ ಹೊರುತ್ತವೆ. ಅಲ್ಲೆಲ್ಲ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸ ಕಡಿಮೆ.

ಚರ್ಮಕ್ಕೆ ರಕ್ತ ತರುವುದು ಕೂದಲೆಳೆಗಿಂತ ಸಣ್ಣ ಲೋಮನಾಳಗಳು. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಲೋಮನಾಳದೊಳಗಿನ ಒತ್ತಡವನ್ನು ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಸುಮಾರು 32 ಮಿಲಿಮೀಟರ್ ಪಾದರಸ ಬಂತು. ನಿಮ್ಮ ಬಿ.ಪಿ. ನೋಡಿದಾಗ 120, 80 ಅನ್ನುತ್ತೇವಲ್ಲ, ಅದೇ ಅಳತೆಯಲ್ಲಿ ಬರೀ 32. ಹೊರಗಿನ ಒತ್ತಡ ಅದಕ್ಕಿಂತ ಹೆಚ್ಚಾಗಿ ಬಹಳ ಹೊತ್ತು ನಿಂತರೆ ರಕ್ತ ಹರಿಯುವುದಿಲ್ಲ. ಎಲ್ಲರ ಮೈಗೂ ಎಲ್ಲ ಜಾಗಕ್ಕೂ 32 ಎಂಬ ಅಂಕಿ ಹೊಂದುವುದಿಲ್ಲ ಎಂದು ಈಗ ತಿಳಿದಿದೆ. ರಕ್ತ ನಿಲ್ಲುವುದರ ಜೊತೆಗೆ, ಮೂಳೆಯ ಒತ್ತಿಗೆ ಜೀವಕೋಶಗಳು ಜಜ್ಜಿಹೋಗುವುದೂ ಇದೆ. ಆದರೆ ಹೊತ್ತಿನ ಲೆಕ್ಕ ಮಾತ್ರ ಗಟ್ಟಿ. 1959ರಲ್ಲಿ ಕೋಸಿಯಾಕ್ ಎಂಬ ವೈದ್ಯರು ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಹೆಚ್ಚು ಒತ್ತಡ ಸ್ವಲ್ಪ ಹೊತ್ತು ಮಾಡುವ ಹಾನಿಯನ್ನೇ ಕಡಿಮೆ ಒತ್ತಡ ಬಹಳ ಹೊತ್ತು ನಿಂತರೂ ಮಾಡುತ್ತದೆ ಎಂದು ಕಂಡಿತು.

ಹಾಗಾದರೆ ನಮಗೆ ನಿಮಗೆ ಯಾಕೆ ಹುಣ್ಣಾಗುವುದಿಲ್ಲ? ನಿದ್ದೆಯಲ್ಲೂ ನಾವು ಹೊರಳುತ್ತೇವೆ. ಒಂದು ಕಡೆ ಒತ್ತಿದರೆ ಮೈಗೆ ಅಹಿತವಾಗುತ್ತದೆ, ಎಚ್ಚರವಾಗದೆಯೇ ಮಗ್ಗುಲು ಬದಲಾಗುತ್ತದೆ. ಈಗ ಇಲ್ಲಿ ಕುಳಿತಿರುವವರೇ ನೋಡಿ, ನನ್ನ ಮಾತು ಶುರುವಾದ ಮೇಲೆ ಎಷ್ಟು ಸಲ ಕುರ್ಚಿಯಲ್ಲಿ ಸರಿದಿದ್ದೀರಿ! ಎಲ್ಲವೂ ನನ್ನ ಭಾಷಣದ ಬೇಸರಕ್ಕೆ ಅಲ್ಲ ಎಂದುಕೊಳ್ಳುತ್ತೇನೆ. ಲಕ್ವ ಹೊಡೆದವರಿಗೆ, ಬೆನ್ನಹುರಿಗೆ ಪೆಟ್ಟಾದವರಿಗೆ, ಪ್ರಜ್ಞೆ ಇಲ್ಲದವರಿಗೆ ಈ ಸರಿದಾಟ ಇರುವುದಿಲ್ಲ. ಒತ್ತುತ್ತಿದೆ ಎಂದು ಗೊತ್ತಾಗುವುದಿಲ್ಲ, ಗೊತ್ತಾದರೂ ತಿರುಗಲು ಆಗುವುದಿಲ್ಲ.

ನಮ್ಮ ಕಡೆ ಇದು ಮುದುಕರ ಕಾಯಿಲೆ ಮಾತ್ರ ಅಲ್ಲ. ಅಡಿಕೆ ಕೊನೆ ತೆಗೆಯಲು ಮರ ಹತ್ತಿ, ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ಗಟ್ಟಿ ಆಳುಗಳು ತೋಟದ ಸೀಮೆಯ ಊರೂರಲ್ಲೂ ಇದ್ದಾರೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಇಳಿಸುವವರು ಹೆಚ್ಚಾಗಿದ್ದಾರೆ, ಒಳ್ಳೆಯದಾಯಿತು. ಆದರೆ ಮೊದಲೇ ಬಿದ್ದವರು ಮನೆಯಲ್ಲಿದ್ದಾರೆ. ಅವರ ಜೀವಕ್ಕೆ ಎರವಾಗುವುದು ಎಷ್ಟೋ ಸಲ ಮುರಿದ ಬೆನ್ನಲ್ಲ, ಆಮೇಲೆ ಆದ ಹುಣ್ಣು. ಅದು ಮೂಳೆಯವರೆಗೂ ಇಳಿಯುತ್ತದೆ, ನಂಜು ರಕ್ತಕ್ಕೆ ಸೇರುತ್ತದೆ.

ದುಡ್ಡಿದ್ದವರಿಗೆ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೊಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆರೈಕೆಗೆ ಜನರಿದ್ದರು, ಒಳ್ಳೆಯ ವೈದ್ಯರಿದ್ದರು. ಆದರೂ 2004ರ ಅಕ್ಟೋಬರ್ 10ರಂದು ಅವರು ತೀರಿಕೊಂಡದ್ದು ಇಂಥದೇ ಒಂದು ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ.

ಇನ್ನು ಇದಕ್ಕೆ ಮದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ದೊಡ್ಡ ನರರೋಗ ತಜ್ಞ ಶಾರ್ಕೋ ಅವರು, ನರಕ್ಕೆ ಪೆಟ್ಟಾದರೆ ಈ ಹುಣ್ಣು ಬಂದೇ ಬರುತ್ತದೆ, ಸಾವಿನ ಮುನ್ಸೂಚನೆ ಅದು ಎಂದು ನಂಬಿದ್ದರು. ಅಂಥ ದೊಡ್ಡವರು ಹೇಳಿದ ಮೇಲೆ ಎದುರಾಡುವವರು ಯಾರು? ಬಹಳ ಕಾಲ ವೈದ್ಯರೇ ಕೈಚೆಲ್ಲಿ ಕುಳಿತರು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಬಹುಪಾಲು ಜನ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಸತ್ತರು.

ಇದನ್ನು ಬದಲಿಸಿದವರು ಲುಡ್ವಿಗ್ ಗುಟ್‌ಮನ್. ಜರ್ಮನಿಯ ಯೆಹೂದಿ ವೈದ್ಯ, ಹಿಟ್ಲರನ ಕಾಟಕ್ಕೆ 1939ರಲ್ಲಿ ಇಂಗ್ಲೆಂಡಿಗೆ ಓಡಿ ಬಂದವರು. 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬ ಊರಿನ ಆಸ್ಪತ್ರೆಯಲ್ಲಿ ಬೆನ್ನಹುರಿ ಗಾಯಾಳುಗಳ ವಾರ್ಡನ್ನು ಅವರ ಕೈಗೆ ಕೊಟ್ಟರು. ಅವರು ತಂದದ್ದು ಹೊಸ ಔಷಧಿಯಲ್ಲ, ಒಂದು ಶಿಸ್ತು. ಪ್ರತಿಯೊಬ್ಬ ರೋಗಿಯನ್ನೂ ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ಮಗ್ಗುಲು ಬದಲಿಸಬೇಕು. ತಪ್ಪಕೂಡದು. ಸಾಯುತ್ತಾರೆ ಎಂದು ಲೆಕ್ಕ ಹಾಕಿದ್ದವರು ಬದುಕಿದರು. ಬದುಕಿದವರು ಸುಮ್ಮನೆ ಕೂರಬಾರದೆಂದು 1948ರ ಜುಲೈ 29ರಂದು ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಅದೇ ಬೆಳೆದು ಇಂದಿನ ಪ್ಯಾರಾಲಿಂಪಿಕ್ಸ್ ಆಯಿತು. ನಮ್ಮ ಹಾಸನ ಜಿಲ್ಲೆಯ ಗಿರೀಶ್ 2012ರಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ಆ ಕೂಟದಲ್ಲೇ. ಆಟದ ಮೈದಾನದ ಮಕ್ಕಳು ಇದನ್ನು ನೆನಪಿಡಿ. ಅದರ ಬೇರು ಇರುವುದು ರಾತ್ರಿ ಎರಡು ಗಂಟೆಗೆ ಎದ್ದು ರೋಗಿಯನ್ನು ಹೊರಳಿಸಿದ ನರ್ಸುಗಳ, ಆಳುಗಳ ಕೈಯಲ್ಲಿ.

ಈಗ ಮೈಗೆ ಕಟ್ಟುವ ಯಂತ್ರದ ವಿಷಯಕ್ಕೆ ಬರೋಣ. ಇದು ನಿನ್ನೆ ಮೊನ್ನೆಯ ಯೋಚನೆ ಅಲ್ಲ. ಇದರ ಒಂದು ಎಳೆ ನಮ್ಮ ಪಕ್ಕದ ತಮಿಳುನಾಡಿನಿಂದ ಹೊರಟಿದೆ. ಪಾಲ್ ಬ್ರ್ಯಾಂಡ್ ಎಂಬ ವೈದ್ಯರು ಹುಟ್ಟಿದ್ದು 1914ರಲ್ಲಿ ಅಲ್ಲಿನ ಕೊಲ್ಲಿ ಬೆಟ್ಟದಲ್ಲಿ. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆ ಮಾಡಿದರು. ಬೆರಳು ಕೊಳೆತು ಬೀಳುವುದು ರೋಗದಿಂದಲೇ ಎಂದು ಎಲ್ಲರೂ ತಿಳಿದಿದ್ದಾಗ, ಅದು ನೋವು ಗೊತ್ತಾಗದ್ದರಿಂದ ಆಗುವ ಗಾಯಗಳ ಪರಿಣಾಮ ಎಂದು ತೋರಿಸಿಕೊಟ್ಟವರು ಅವರು. ಕಲ್ಲು ಚುಚ್ಚಿದರೂ ಅದೇ ಕಾಲೂರಿ ನಡೆಯುತ್ತಾರೆ, ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಾರೆ. ನಮ್ಮ ಹಾಸಿಗೆ ಹುಣ್ಣಿನ ಕಥೆಯೂ ಇದೇ ಅಲ್ಲವೇ?

ಮುಂದೆ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಇಂಜಿನಿಯರುಗಳನ್ನು ಸೇರಿಸಿಕೊಂಡು ಕೃತಕ ನೋವನ್ನೇ ತಯಾರಿಸಲು ಹೊರಟರು. ಕೈಗವಸಿನಲ್ಲಿ, ಕಾಲುಚೀಲದಲ್ಲಿ ಒತ್ತಡ ಅಳೆಯುವ ತೆಳ್ಳನೆಯ ಸೆನ್ಸರ್‌ಗಳು. ಒತ್ತಡ ಮಿತಿ ಮೀರಿದರೆ ಕಿವಿಯಲ್ಲಿ ಸದ್ದು. ರೋಗಿಗಳು ಸದ್ದನ್ನು ಕೇಳಿಸಿಕೊಂಡರು, ಕೆಲಸ ಮುಂದುವರಿಸಿದರು. ದೀಪ ಮಿನುಗಿಸಿ ನೋಡಿದರು, ಅದೂ ಅಷ್ಟೆ. ಕೊನೆಗೆ ಕಂಕುಳಿಗೆ ಸಣ್ಣದಾಗಿ ಕರೆಂಟ್ ಹೊಡೆಯುವ ಹಾಗೆ ಮಾಡಿದರು. ಆಗ ರೋಗಿಗಳು, ಗಟ್ಟಿಯಾದದ್ದನ್ನು ತಿರುಗಿಸುವ ಕೆಲಸ ಬಂದರೆ ಮೊದಲು ಆ ಯಂತ್ರದ ಸ್ವಿಚ್ ಆರಿಸುತ್ತಿದ್ದರು, ಕೆಲಸ ಮುಗಿಸಿ ಮತ್ತೆ ಹಾಕಿಕೊಳ್ಳುತ್ತಿದ್ದರು! ಹಲವು ವರ್ಷ ದುಡಿದ ಮೇಲೆ ಬ್ರ್ಯಾಂಡ್ ಆ ಯೋಜನೆಯನ್ನು ಕೈಬಿಟ್ಟರು. ನಮ್ಮ ಶಾಲೆಯ ಗಂಟೆಯನ್ನು ಜವಾನರು ಎಷ್ಟು ಜೋರಾಗಿ ಬಾರಿಸಿದರೂ ಮಾವಿನ ಮರದಡಿಯಿಂದ ಏಳದೆ ಕೂತಿರುತ್ತಿದ್ದವರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ.

ನನ್ನ ಗೆಳೆಯ ಕಳಿಸಿದ ವಿಡಿಯೊದ ಬಿಲ್ಲೆ ಈ ಕಡೆಯಿಂದ ಪಾಠ ಕಲಿತಿದೆ. ಅಮೆರಿಕದಲ್ಲಿ ತಯಾರಾದ ಲೀಫ್ ಎಂಬ ಸಾಧನ ಅದು. ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಎದೆಯ ಮೇಲೆ ಅಂಟಿಸುತ್ತಾರೆ. ಒಳಗಿರುವುದು ಆಕ್ಸಲರೋಮೀಟರ್. ಹೆಸರು ದೊಡ್ಡದು, ಆದರೆ ನಿಮ್ಮ ಜೇಬಿನಲ್ಲೇ ಒಂದಿದೆ. ಮೊಬೈಲ್ ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದು ಇದರ ಕೆಲಸ. ಭೂಮಿಯ ಗುರುತ್ವ ಯಾವ ದಿಕ್ಕಿಗೆ ಎಳೆಯುತ್ತಿದೆ ಎಂದು ಮೂರು ಅಕ್ಷಗಳಲ್ಲಿ ಅಳೆದು, ಎದೆ ಮೇಲ್ಮುಖವಾಗಿದೆಯೇ, ಎಡಕ್ಕೆ ಓರೆಯಾಗಿದೆಯೇ, ಬಲಕ್ಕೇ, ಎಷ್ಟು ಡಿಗ್ರಿ ಎಂದು ಲೆಕ್ಕ ಹಾಕುತ್ತದೆ. ಗುರುತ್ವದ ಪಾಠ ಯಾಕೆ ಬೇಕು ಎಂದು ಕೇಳುವ ಒಂಬತ್ತನೆಯ ತರಗತಿಯ ಮಕ್ಕಳು ಗಮನಿಸಿ.

ಆ ಮಾಹಿತಿ ತಂತಿಯಿಲ್ಲದೆ ನರ್ಸುಗಳು ಕೂರುವ ಜಾಗದ ಪರದೆಗೆ ಹೋಗುತ್ತದೆ. ಪ್ರತಿ ರೋಗಿಗೆ ಒಂದು ಬಣ್ಣ. ಹಸಿರು ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಹಳದಿ ಬಂದರೆ ಹೊತ್ತು ಹತ್ತಿರವಾಯಿತು. ಕೆಂಪು ಬಂದರೆ ಹೊತ್ತು ಮೀರಿತು. ರೋಗಿ ತಾನಾಗಿಯೇ ಚೆನ್ನಾಗಿ ಹೊರಳಿಕೊಂಡಿದ್ದರೆ ಯಂತ್ರ ಅದನ್ನೂ ಗುರುತಿಸಿ ಲೆಕ್ಕವನ್ನು ಹೊಸದಾಗಿ ಶುರು ಮಾಡುತ್ತದೆ, ನಿದ್ದೆ ಹೋದವರನ್ನು ಸುಮ್ಮನೆ ಎಬ್ಬಿಸುವುದು ತಪ್ಪುತ್ತದೆ. ನೋಡಿ, ಬ್ರ್ಯಾಂಡ್ ಅವರ ಯಂತ್ರ ಕೂಗಿದ್ದು ರೋಗಿಯ ಕಿವಿಯಲ್ಲಿ. ಇದು ತಿಳಿಸುವುದು ತಿರುಗಿಸುವ ಕೈ ಇರುವವರಿಗೆ. ವ್ಯತ್ಯಾಸವೆಲ್ಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದರಿಂದ ಪ್ರಯೋಜನ ಆಗಿದೆಯೇ? ಜಾಹೀರಾತನ್ನು ಬಿಡಿ, ಪರೀಕ್ಷೆ ಮಾಡಿ ನೋಡಿದವರ ಮಾತು ಕೇಳೋಣ. ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಎರಡು ಐಸಿಯುಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 1,312 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎಲ್ಲರ ಎದೆಗೂ ಬಿಲ್ಲೆ ಅಂಟಿಸಿದರು. ಆದರೆ ಒಂದು ಗುಂಪಿನವರ ಬಣ್ಣ ಮಾತ್ರ ನರ್ಸುಗಳಿಗೆ ಕಾಣುತ್ತಿತ್ತು, ಇನ್ನೊಂದು ಗುಂಪಿನದು ಕಾಣುತ್ತಿರಲಿಲ್ಲ. ಬಣ್ಣ ಕಾಣುತ್ತಿದ್ದ ಗುಂಪಿನಲ್ಲಿ 5 ಜನರಿಗೆ ಹುಣ್ಣಾಯಿತು. ಕಾಣದ ಗುಂಪಿನಲ್ಲಿ 15 ಜನರಿಗೆ.

ಮೂರರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು ಸಂತೋಷ ಪಡುವ ಮೊದಲು ಇನ್ನೆರಡು ಅಂಕಿ ನೋಡಿ. ಸರಿಯಾದ ಹೊತ್ತಿಗೆ ಮಗ್ಗುಲು ಬದಲಾದ ಪಾಲು ಬಣ್ಣ ಕಂಡ ಗುಂಪಿನಲ್ಲಿ ನೂರಕ್ಕೆ 67, ಕಾಣದ ಗುಂಪಿನಲ್ಲಿ 54. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಐಸಿಯುನಲ್ಲಿ ಒಬ್ಬ ನರ್ಸಿಗೆ ಎರಡಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಅಂಥ ಕಡೆಯಲ್ಲೂ ಯಾರೂ ನೆನಪಿಸದೆ ಇದ್ದಾಗ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ತಪ್ಪಿಹೋಗುತ್ತಿತ್ತು. ನರ್ಸುಗಳು ಸೋಮಾರಿಗಳೆಂದಲ್ಲ. ಒಬ್ಬರ ಉಸಿರು ಏರುಪೇರಾದರೆ ಇನ್ನೊಬ್ಬರ ಬೆನ್ನು ಮರೆತುಹೋಗುತ್ತದೆ. ಬೆನ್ನು ಕೂಗಿ ಕರೆಯುವುದಿಲ್ಲವಲ್ಲ. ಇನ್ನೊಂದು ವಿಷಯ: ಎಷ್ಟು ಕೋನಕ್ಕೆ ತಿರುಗಿಸಿದರು ಎಂಬುದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಬಿಲ್ಲೆ ಬದಲಿಸಿದ್ದು ಹೊತ್ತನ್ನು, ಕೈಚಳಕವನ್ನಲ್ಲ.

ಹಾಗಾಗಿ ಗೆಳೆಯನಿಗೆ ನಾನು ಹೇಳುವುದು ಇಷ್ಟು. ಆ ಬಿಲ್ಲೆ ಹುಣ್ಣನ್ನು ತಡೆಯುವುದಿಲ್ಲ. ಹೊತ್ತಾಯಿತು ಎಂದು ಹೇಳುತ್ತದೆ. ತಡೆಯುವುದು ಆ ಮಾತು ಕೇಳಿ ಎದ್ದು ಬರುವವರು. ಹಿಮ್ಮಡಿಯ ಕೆಳಗೆ ಒತ್ತುತ್ತಿದೆಯೇ, ಬಟ್ಟೆ ಒದ್ದೆಯಾಗಿದೆಯೇ, ಹಾಸಿಗೆಯಲ್ಲಿ ಕೆಳಗೆ ಜಾರಿ ಚರ್ಮ ಎಳೆಯುತ್ತಿದೆಯೇ ಎಂಬುದು ಎದೆಯ ಮೇಲಿನ ಬಿಲ್ಲೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಪರದೆ ಬೇಕು, ಜಾಲ ಬೇಕು, ಪರದೆಯ ಮುಂದೆ ಒಬ್ಬರು ಎಚ್ಚರವಾಗಿರಬೇಕು. ಆಸ್ಪತ್ರೆಗಾಗಿ ಮಾಡಿದ್ದನ್ನು ಮನೆಗೆ ತಂದು ಅಮ್ಮನ ಎದೆಗೆ ಅಂಟಿಸಿದರೆ ಅದು ಗೋಡೆಗೆ ಹೇಳುತ್ತದೆ.

ಮುಂದೆ ಇನ್ನೂ ಒಳ್ಳೆಯವು ಬರುತ್ತವೆ, ಅನುಮಾನವಿಲ್ಲ. 2015ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ತೆಳ್ಳನೆಯ ಹಾಳೆಯ ಮೇಲೆ ಎಲೆಕ್ಟ್ರೋಡುಗಳನ್ನು ಮುದ್ರಿಸಿ ಒಂದು ಬ್ಯಾಂಡೇಜು ಮಾಡಿದರು. ಅದು ಚರ್ಮದ ಮೂಲಕ ಅತಿ ಸಣ್ಣ ವಿದ್ಯುತ್ ಹರಿಸಿ, ಒಳಗಿನ ಜೀವಕೋಶಗಳು ಹಾಳಾಗುತ್ತಿವೆಯೇ ಎಂದು ಕಣ್ಣಿಗೆ ಕಾಣುವ ಮೊದಲೇ ಪತ್ತೆ ಹಚ್ಚುತ್ತದೆ. ಆ ಪ್ರಯೋಗ ಆಗಿದ್ದು ಇಲಿಗಳ ಮೇಲೆ.

ನಮ್ಮ ಜನರಿಗೆ ಅಂಥದು ಬೇಕಾಗಿರುವುದಕ್ಕೆ ವಿಶೇಷ ಕಾರಣ ಒಂದಿದೆ, ಅದನ್ನು ಹೇಳಲೇಬೇಕು. ಹುಣ್ಣಿನ ಮೊದಲ ಲಕ್ಷಣ ಚರ್ಮ ಕೆಂಪಾಗುವುದು, ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳದೆ ಹಾಗೇ ಉಳಿಯುವುದು ಎಂದು ಪುಸ್ತಕದಲ್ಲಿದೆ. ಆ ಪುಸ್ತಕ ಬಿಳಿ ಮೈಬಣ್ಣದವರನ್ನು ನೋಡಿ ಬರೆದದ್ದು. ನಮ್ಮ ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಬಿಳಿಚಿಕೊಳ್ಳುವುದೂ ತಿಳಿಯುವುದಿಲ್ಲ. ‘ನಿನ್ನೆ ಏನೂ ಇರಲಿಲ್ಲ ಸಿಸ್ಟರ್, ಇವತ್ತು ನೋಡಿದರೆ ಚರ್ಮ ಕಿತ್ತಿದೆ’ ಎಂದು ಮನೆಯವರು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದ್ದರಿಂದ ಕಣ್ಣನ್ನು ಮಾತ್ರ ನಂಬಬೇಡಿ, ಕೈಯಿಂದ ನೋಡಿ. ಒಳ್ಳೆಯ ಬೆಳಕಿನಲ್ಲಿ, ದಿನಕ್ಕೆ ಎರಡು ಸಲ, ಮೂಳೆ ಇರುವ ಜಾಗವನ್ನೂ ಪಕ್ಕದ ಜಾಗವನ್ನೂ ಬೆರಳಿನ ಹಿಂಬದಿಯಿಂದ ಮುಟ್ಟಿ. ಅಲ್ಲಿ ಮಾತ್ರ ಬಿಸಿಯಾಗಿದೆಯೇ, ತಣ್ಣಗಿದೆಯೇ? ಗಟ್ಟಿಯಾಗಿದೆಯೇ, ಕೆಸರಿನ ಹಾಗೆ ಮೆದುವಾಗಿದೆಯೇ? ಸುತ್ತಲಿನದಕ್ಕಿಂತ ಹೆಚ್ಚು ಕಪ್ಪೋ ನೇರಳೆಯೋ ಆಗಿದೆಯೇ? ನೋವು ಗೊತ್ತಾಗುವವರಾದರೆ ಕೇಳಿ. ಏನೇ ವ್ಯತ್ಯಾಸ ಇದ್ದರೂ ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು.

ಆಗ ನಾವೇನು ಮಾಡುತ್ತೇವೆ? ಎಣ್ಣೆ ಹಚ್ಚಿ ತಿಕ್ಕುತ್ತೇವೆ! ಮೂಳೆಯ ಮೇಲೆ ಬಣ್ಣ ಬದಲಾದ ಚರ್ಮವನ್ನು ತಿಕ್ಕಬಾರದು, ಒಳಗೆ ಜಜ್ಜಿದ್ದು ಇನ್ನಷ್ಟು ಹರಿಯುತ್ತದೆ. ಹಿಂದೆ ಆಸ್ಪತ್ರೆಗಳಲ್ಲೂ ಸ್ಪಿರಿಟ್ ಹಾಕಿ ತಿಕ್ಕಿ ಪೌಡರ್ ಬಳಿಯುವ ರೂಢಿ ಇತ್ತು, ಈಗ ಅದು ಬೇಡವೆನ್ನುತ್ತಾರೆ. ನಡುವೆ ತೂತಿರುವ ರಿಂಗಿನಂಥ ದಿಂಬೂ ಬೇಡ, ಅದರ ಅಂಚೇ ಸುತ್ತಲೂ ಒತ್ತಿ ರಕ್ತ ನಿಲ್ಲಿಸುತ್ತದೆ. ಹಿಮ್ಮಡಿಯ ಕೆಳಗೆ ಕೈಗವಸಿಗೆ ನೀರು ತುಂಬಿ ಇಡುವುದೂ ಬೇಡ. ಮೀನಖಂಡದ ಕೆಳಗೆ ದಿಂಬು ಕೊಟ್ಟರೆ ಹಿಮ್ಮಡಿ ಗಾಳಿಯಲ್ಲಿ ನಿಲ್ಲುತ್ತದೆ, ಅಷ್ಟು ಸಾಕು.

ಊಟದ ವಿಷಯದಲ್ಲೂ ನಮ್ಮಲ್ಲಿ ಒಂದು ರೂಢಿ ಇದೆ. ಗಾಯ ಇರುವವರಿಗೆ ಬೇಳೆ ನಂಜು, ಮೊಟ್ಟೆ ನಂಜು, ಮೀನು ನಂಜು ಎಂದು ಬರೀ ಗಂಜಿ ಕುಡಿಸುತ್ತಾರೆ. ಚರ್ಮ ಕೂಡಿಕೊಳ್ಳಬೇಕಾದರೆ ಪ್ರೋಟೀನ್ ಬೇಕೇ ಬೇಕು. ಮೂತ್ರಪಿಂಡದ ತೊಂದರೆ ಇದ್ದು ಡಾಕ್ಟರು ಬೇಡ ಎಂದಿದ್ದರೆ ಬೇರೆ ಮಾತು. ಇಲ್ಲವಾದರೆ ಬೇಳೆ, ಕಾಳು, ಹಾಲು, ಮೊಟ್ಟೆ, ನಿಮ್ಮ ಮನೆಯಲ್ಲಿ ಏನು ತಿನ್ನುತ್ತೀರೋ ಅದು ಕೊಡಿ.

ಇನ್ನು ಹೊತ್ತಿನ ಲೆಕ್ಕ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ, ತಿಂಗಳಿಗೆ 360 ಸಲ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ನಮ್ಮ ಮನೆಗಳಲ್ಲಿ ಇದನ್ನು ಯಾರು ಮಾಡುತ್ತಾರೆ? ಹೆಂಡತಿ. ಅಥವಾ ಸೊಸೆ. ಬೆಳಗ್ಗೆ ಕೊಟ್ಟಿಗೆ ಕೆಲಸ, ತಿಂಡಿ, ಮಕ್ಕಳನ್ನು ಶಾಲೆಗೆ ಕಳಿಸುವುದು ಎಲ್ಲ ಅವಳದೇ. ಎಂಟು ದಿನ ಮಾಡುತ್ತಾಳೆ. ಒಂಬತ್ತನೆಯ ರಾತ್ರಿ ನಿದ್ದೆ ಗೆಲ್ಲುತ್ತದೆ. ಆಮೇಲೆ ಹುಣ್ಣಾದಾಗ ನೆಂಟರು ಬಂದು ‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎನ್ನುತ್ತಾರೆ. ಹೇಳಿದವರು ಕಾಫಿ ಕುಡಿದು ಬಸ್ಸು ಹತ್ತುತ್ತಾರೆ. ನನ್ನ ಕೆಲಸದಲ್ಲಿ ಸಿಟ್ಟು ಮಾಡಿಕೊಳ್ಳಬಾರದು, ಆದರೂ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬಂದಿದೆ. ಇಬ್ಬಿಬ್ಬರು ರೋಗಿಗಳನ್ನು ಪಾಳಿಯ ಮೇಲೆ ನೋಡುವ ತರಬೇತಾದ ನರ್ಸುಗಳೇ ಅರ್ಧ ಹೊತ್ತು ತಪ್ಪುತ್ತಾರೆಂದರೆ, ಇಡೀ ದಿನ ಒಬ್ಬಳೇ ದುಡಿಯುವ ಹೆಂಗಸಿನಿಂದ ಹನ್ನೆರಡಕ್ಕೆ ಹನ್ನೆರಡನ್ನೂ ಬಯಸುವುದು ಯಾವ ನ್ಯಾಯ?

ಆಸ್ಪತ್ರೆಯ ಪರದೆ ಮಾಡುವ ಕೆಲಸವನ್ನು ಮನೆಯಲ್ಲಿ ಒಂದು ಹಾಳೆ ಮಾಡುತ್ತದೆ. ಮಂಚದ ಪಕ್ಕದ ಗೋಡೆಗೆ ಮೂರು ಅಂಕಣದ ಹಾಳೆ ಅಂಟಿಸಿ. ಹೊತ್ತು, ಯಾವ ಮಗ್ಗುಲು, ಯಾರು. ಮೂರನೆಯ ಅಂಕಣವೇ ಮುಖ್ಯ. ಅದರಲ್ಲಿ ಒಂದೇ ಹೆಸರು ಇಡೀ ವಾರ ಬಂದರೆ ಅದನ್ನು ಕೆಂಪು ಬಣ್ಣ ಎಂದು ತಿಳಿಯಿರಿ. ಮೊಬೈಲಿನ ಅಲಾರಾಂ ಇಡಿ, ಆದರೆ ಎಲ್ಲ ಅಲಾರಾಂ ಒಬ್ಬರದೇ ಫೋನಿನಲ್ಲಿ ಬೇಡ. ಹನ್ನೆರಡರದು ಮಗನ ಫೋನಿನಲ್ಲಿ, ಎರಡರದು ಸೊಸೆಯದರಲ್ಲಿ, ನಾಲ್ಕರದು ಹೇಗೂ ಬೇಗ ಏಳುವ ಅಜ್ಜನದರಲ್ಲಿ ಬಡಿಯಲಿ. ಗಂಡಸರಿಗೆ ಇದು ಬರುವುದಿಲ್ಲ ಎಂಬುದು ಸುಳ್ಳು. ಮೂಟೆ ಎತ್ತುವವರಿಗೆ ಇದು ಯಾವ ಮಹಾ?

ಎರಡು ಗಂಟೆ ಎಂಬುದು ಕಲ್ಲಿನ ಮೇಲೆ ಕೊರೆದ ಶಾಸನವೂ ಅಲ್ಲ. ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ 942 ಜನರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಗುಂಪುಗಳಾಗಿ ಮಾಡಿ ಮೂರು ವಾರ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಆದರೆ ಅವರೆಲ್ಲ ಮಲಗಿದ್ದು ದಪ್ಪ, ಒತ್ತಾದ ಫೋಮ್ ಹಾಸಿಗೆಯ ಮೇಲೆ. ಗಂಟುಗಟ್ಟಿದ ನಮ್ಮ ಹತ್ತಿ ಹಾಸಿಗೆಗೆ, ಚಾಪೆಗೆ ಆ ಮಾತು ಅನ್ವಯಿಸದು. ಅಂದರೆ ಒಳ್ಳೆಯ ಹಾಸಿಗೆ ರೋಗಿಯ ಬೆನ್ನಿಗೆ ಎಷ್ಟು ಉಪಕಾರಿಯೋ ನೋಡಿಕೊಳ್ಳುವವಳ ನಿದ್ದೆಗೂ ಅಷ್ಟೇ ಉಪಕಾರಿ. ಎಷ್ಟು ಗಂಟೆಗೊಮ್ಮೆ ಎಂಬುದನ್ನು ನಿಮ್ಮ ರೋಗಿಯ ಸ್ಥಿತಿ ನೋಡಿ ಡಾಕ್ಟರೋ ನರ್ಸೋ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಚರ್ಮ ಕಿತ್ತಿದ್ದರೆ, ವಾಸನೆ ಬಂದರೆ, ಕಪ್ಪು ಹಕ್ಕಳೆ ಕಟ್ಟಿದ್ದರೆ, ಜ್ವರ ಬಂದರೆ ಅವತ್ತೇ ತೋರಿಸಿ. ಮನೆಮದ್ದು ಹಾಕುತ್ತಾ ವಾರ ಕಳೆಯಬೇಡಿ.

ಇಲ್ಲಿ ಹಳೆಯ ವಿದ್ಯಾರ್ಥಿ ಸಂಘದವರಿಗೆ ನನ್ನದೊಂದು ಬೇಡಿಕೆ ಇದೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಬೇಕೆಂದು ಮಾತು ನಡೆದಿದೆ, ಕಟ್ಟಿ. ಉಳಿದ ಹಣದಲ್ಲಿ ನಾಲ್ಕು ಒಳ್ಳೆಯ ಫೋಮ್ ಹಾಸಿಗೆ, ತಲೆ ಕಡೆ ಎತ್ತರಿಸುವ ಎರಡು ಮಂಚ, ಒಂದು ಗಾಲಿಕುರ್ಚಿ ತಂದಿಡಿ. ಗ್ರಂಥಾಲಯದ ಪುಸ್ತಕದ ಹಾಗೆ ಎರವಲು ಕೊಡಿ, ಕೆಲಸ ಮುಗಿದ ಮೇಲೆ ತೊಳೆದು ವಾಪಸು ಇಡಲಿ. ನಾಲ್ಕು ಜನ ಕಾಯಂ ಮಲಗಿದವರು ಇರುವ ಊರಿಗೆ ಇದೇನು ದೊಡ್ಡ ಖರ್ಚಲ್ಲ. ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇರುವ ನಮ್ಮ ಗೆಳೆಯರು ತಿಂಗಳಿಗೊಮ್ಮೆ ಅಪ್ಪ ಅಮ್ಮನಿಗೆ ವಿಡಿಯೊ ಕಾಲ್ ಮಾಡುವಾಗ ಮುಖ ಮಾತ್ರ ನೋಡಬೇಡಿ, ‘ಹಾಳೆ ತೋರಿಸಿ’ ಅನ್ನಿ. ರಜೆಗೆ ಬಂದಾಗ ರಾತ್ರಿ ಎರಡರ ಪಾಳಿ ನೀವು ತೆಗೆದುಕೊಳ್ಳಿ.

ಬಾಯಿಮಾತಿನಲ್ಲಿ ಹೇಳಿದ್ದು ಕೈಗೆ ಬರುವುದಿಲ್ಲ. ಪೂರ್ತಿ ಪಕ್ಕಕ್ಕೆ, ತೊಂಬತ್ತು ಡಿಗ್ರಿಗೆ ತಿರುಗಿಸಿದರೆ ತೊಡೆಮೂಳೆಯ ಗಂಟಿನ ಮೇಲೆ ಭಾರ ಬಿದ್ದು ಅಲ್ಲಿ ಹೊಸ ಹುಣ್ಣಾಗುತ್ತದೆ. ಮೂವತ್ತು ಡಿಗ್ರಿ ಓರೆ ಸಾಕು. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಅದು ಎಷ್ಟೆಂದು ಮಕ್ಕಳು ತೋರಿಸುತ್ತಾರೆ. ಭುಜದಿಂದ ಸೊಂಟದವರೆಗೆ ಬೆನ್ನ ಹಿಂದೆ ದಿಂಬು ಕೊಟ್ಟು, ಸೊಂಟದ ಮೂಳೆಯ ಕೆಳಗೆ ನಿಮ್ಮ ಅಂಗೈ ತೂರಿಸಿ ನೋಡಬೇಕು. ಕೈ ಸಲೀಸಾಗಿ ಹೋದರೆ ಸರಿಯಾಗಿದೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ದರದರ ಎಳೆಯಬಾರದು, ಕೆಳಗೆ ಮಡಿಸಿದ ಪಂಚೆ ಹಾಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಇಡಬೇಕು.

ಎಂಟನೆಯ ತರಗತಿಯ ಕೋಣೆಯಲ್ಲಿ ಒಂದು ಮಂಚ, ನಾಲ್ಕು ದಿಂಬು, ಎರಡು ಪಂಚೆ ತರಿಸಿ ಇಡಿಸಿದ್ದೇನೆ. ಊಟ ಮುಗಿಸಿ ಅಲ್ಲಿಗೆ ಬನ್ನಿ. ರೋಗಿಯಾಗಿ ಮಲಗಲು ನಮ್ಮ ದೈಹಿಕ ಶಿಕ್ಷಕರು ಒಪ್ಪಿದ್ದಾರೆ, ತೂಕ ಸ್ವಲ್ಪ ಹೆಚ್ಚೇ ಇದೆ, ಅಭ್ಯಾಸಕ್ಕೆ ಒಳ್ಳೆಯದು. ಪ್ರತಿ ಮನೆಯಿಂದ ಒಬ್ಬ ಗಂಡಸಾದರೂ ಬಂದು ಒಂದು ಸಲ ತಿರುಗಿಸಿ ನೋಡಬೇಕು. ಹಾಳೆಯ ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿವೆ.